ಗಂಟಲು, ಕಿಟಕಿ ನಾಲ್ಕು

ಕಂಚಣ್ಣನಿಗೆ ಗಂಟಲಿದ್ದ ಕಾಲದಲ್ಲಿ ಹರಾಜುಮನೆಗೆ ಮೈಕು ಬೇಕಿರಲಿಲ್ಲ. ಮಾಲೀಕರು ಒಮ್ಮೆ ಆಸೆಪಟ್ಟು ಹೊಸ ಮೈಕೊಂದನ್ನು ತಂದಿಟ್ಟದ್ದುಂಟು. ಕಂಚಣ್ಣ ಅದರ ಮುಂದೆ ನಿಂತು ಸುಮ್ಮನೆ ಒಂದು ಸಲ ಕೆಮ್ಮಿದ. ಮುಂದಿನ ಸಾಲಿನಲ್ಲಿದ್ದ ಹಳೇ ಸಾಮಾನಿನ ವ್ಯಾಪಾರಿಗಳೆಲ್ಲ ಕಿವಿ ಮುಚ್ಚಿಕೊಂಡರು. ಅವತ್ತೇ ಮೈಕು ಮೂಲೆ ಸೇರಿತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅಂಥ ಕಂಚಿನ ಕಂಠದವನನ್ನು ಪೇಟೆಯವರು ಇನ್ನೇನೆಂದು ಕರೆದಾರು? ಕಂಚಣ್ಣ ಎಂದರು, ಅದೇ ಉಳಿಯಿತು.

ಹರಾಜುಮನೆ ಎಂದರೆ ಒಂದು ಹಳೇ ಗೋದಾಮು. ಎತ್ತರದ ತಗಡಿನ ಮಾಡು, ವಾರ್ನಿಷಿನ ವಾಸನೆ, ಗೋಡೆಯುದ್ದಕ್ಕೂ ಯಾರದೋ ಮನೆಯ ಬೀರು, ಯಾರದೋ ಅಜ್ಜಿಯ ಹೊಲಿಗೆ ಯಂತ್ರ, ಒಂದು ಕಾಲು ಗಿಡ್ಡವಾದ ಮೇಜು. ಊರು ಬಿಟ್ಟವರ, ಅಂಗಡಿ ಮುಚ್ಚಿದವರ, ಪಾಲಾದ ಅಣ್ಣತಮ್ಮಂದಿರ ಸಾಮಾನೆಲ್ಲ ಬಂದು ಬೀಳುವುದು ಅಲ್ಲಿ. ಕಂಚಣ್ಣ ಒಂದು ಮರದ ಸ್ಟೂಲಿನ ಮೇಲೆ ಹತ್ತಿ ನಿಂತು ಅವನ್ನು ಕೂಗಿ ಮಾರುವನು. ಬರೀ ಕೂಗಿದರೆ ಯಾರು ಕೊಳ್ಳುತ್ತಾರೆ? ಬಾಯಿತುಂಬ ಮಾತೂ ಇರಬೇಕು. ಬೀಗ ಮುರಿದ ಬೀರು ಬಂದರೆ, ಇದನ್ನು ತಗೊಂಡವರಿಗೆ ಬೀಗದ ಕೈ ಕಳೆಯುವ ಚಿಂತೆಯೇ ಇಲ್ಲ ಅನ್ನುವನು. ಕನ್ನಡಿ ಮಸುಕಾಗಿದ್ದರೆ, ವಯಸ್ಸಾದವರಿಗೆ ಇಷ್ಟು ದಾಕ್ಷಿಣ್ಯ ತೋರಿಸುವ ಕನ್ನಡಿ ಪೇಟೆಯಲ್ಲಿ ಇನ್ನೊಂದಿಲ್ಲ ಅನ್ನುವನು. ಜನ ನಗುತ್ತ ನಗುತ್ತ ಕೈ ಎತ್ತುತ್ತಿದ್ದರು. ಮನೆಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಳ್ಳುವುದು ಆಮೇಲಿನ ಮಾತು.

ಆ ಸ್ಟೂಲಿನ ಪಕ್ಕದಲ್ಲೇ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಟೈಪ್‌ರೈಟರು, ಅದರ ಹಿಂದೆ ಕೂತವಳು ಟೈಪಕ್ಕ. ಯಾವ ಸಾಮಾನು, ಎಷ್ಟನೇ ನಂಬರು, ಯಾರಿಗೆ ಹೋಯಿತು ಎಂದು ಚೀಟಿ ಬಡಿದು ಕೊಡುವುದು ಅವಳ ಕೆಲಸ. ಬಡಿಯುತ್ತ ಬಡಿಯುತ್ತ ಅದನ್ನೇ ಸಣ್ಣ ದನಿಯಲ್ಲಿ ಓದಿಕೊಳ್ಳುವಳು, ತಪ್ಪಾಗದಿರಲಿ ಅಂತ. ತಪ್ಪಂತೂ ಆಗುತ್ತಿರಲಿಲ್ಲ. ಅಳಿಸುವ ರಬ್ಬರನ್ನು ಮಾಲೀಕರು ಕೊಟ್ಟಿದ್ದರೂ ಅದು ಡ್ರಾಯರಿನಲ್ಲೇ ಗಟ್ಟಿಯಾಗಿ ಹೋಗಿತ್ತು.

ಕಂಚಣ್ಣ ಆ ಸ್ಟೂಲು ಹತ್ತಿದ ಹೊಸತರಲ್ಲಿ ಅವನ ವೇಗಕ್ಕೆ ಅವಳ ಬೆರಳು ಸಾಲುತ್ತಿರಲಿಲ್ಲ. ಒಂದು ಚೀಟಿ ಮುಗಿಯುವುದರೊಳಗೆ ಇವನು ಮುಂದಿನ ಸಾಮಾನು ಮಾರಿ ಮುಗಿಸಿರುತ್ತಿದ್ದ. ಅವಳು ದೂರಲಿಲ್ಲ, ಒಂದು ಸಲ ತಲೆ ಎತ್ತಿ ನೋಡಿದಳು ಅಷ್ಟೇ. ಮಾರನೇ ದಿನದಿಂದ ಕಂಚಣ್ಣ ‘ಒಂದು ಸಲ’ ಎಂದು ಕೂಗಿದ ಮೇಲೆ ‘ಎರಡೂ...’ ಎಂದು ಎಳೆಯತೊಡಗಿದ. ಅವಳ ಯಂತ್ರದಲ್ಲಿ ಕಾಗದ ಹೊತ್ತ ಗಾಡಿ ಸಾಲಿನ ಕೊನೆಗೆ ಬಂದು ಟಿಣ್ ಎನ್ನುವವರೆಗೂ ಎಳೆಯುವನು, ಆಮೇಲೆ ‘ಸಲ’. ಕೊಳ್ಳುವವರಿಗೆ ಯೋಚನೆ ಮಾಡಲು ಸಮಯ ಸಿಕ್ಕಿ ಬೆಲೆಯೂ ಏರಿತು. ಎಂಥ ಜಾಣ ನಮ್ಮ ಕಂಚಣ್ಣ ಎಂದು ಮಾಲೀಕರು ಬೆನ್ನು ತಟ್ಟಿದರು. ಯಾರಿಗಾಗಿ ಎಳೆಯುತ್ತಾನೆ ಎಂಬುದು ಗೊತ್ತಿದ್ದದ್ದು ಅವನಿಗೆ, ಮತ್ತೆ ಅವಳಿಗೆ. ಬಾಯಿಬಿಟ್ಟು ಇಬ್ಬರೂ ಹೇಳಿಕೊಳ್ಳಲಿಲ್ಲ. ಕೊನೆಗೆ ಮದುವೆಯೇ ಆಗಿಹೋಯಿತು. ಮದುವೆಯಾದ ಮೇಲೂ ಅವನು ಎಳೆಯುವುದು, ಅವಳು ಬಡಿಯುವುದು ಹಾಗೇ ನಡೆದುಕೊಂಡು ಬಂತು. ಮಗಳು ಹುಟ್ಟಿ, ಬೆಳೆದು, ಎರಡು ಬೀದಿ ಆಚೆ ತನ್ನದೇ ಸಂಸಾರ ಹೂಡಿದ ಮೇಲೂ ಅದೇ ಸ್ಟೂಲು, ಅದೇ ಮೇಜು.

ಆಮೇಲೆ ಜನ ಮನೆಯಲ್ಲೇ ಕೂತು ಫೋನಿನಲ್ಲಿ ಫೋಟೋ ನೋಡಿ ಹಳೇ ಸಾಮಾನು ಕೊಳ್ಳುವ ಕಾಲ ಬಂತು. ಕೂಗುವವನಿಗೆ ಕೆಲಸವಿಲ್ಲ, ಬಡಿಯುವವಳಿಗೂ ಇಲ್ಲ. ಹರಾಜುಮನೆ ಮುಚ್ಚುವ ದಿನ ಅವಳ ಟೈಪ್‌ರೈಟರೂ ಸಾಲಿಗೆ ಬಂದು ನಿಂತಿತು. ಕಂಚಣ್ಣ ಅದಕ್ಕೆ ಯಾವ ತಮಾಷೆಯನ್ನೂ ಕಟ್ಟಲಿಲ್ಲ. ಗಡಗಡ ಕೂಗಿ ಯಾರಿಗೋ ಕೊಟ್ಟುಬಿಟ್ಟ. ಆ ಚೀಟಿಯನ್ನು ಟೈಪಕ್ಕ ಕೈಯಲ್ಲೇ ಬರೆದಳು.

ಕೆಲಸ ಹೋದರೂ ದನಿ ಹೋಗಿರಲಿಲ್ಲವಲ್ಲ. ಮನೆಯ ಹಿತ್ತಲಲ್ಲಿ ನಿಂತು ‘ಲೇ ಇವಳೇ’ ಅಂದರೆ ಬೀದಿಯ ಕೊನೆಯ ಮನೆಯ ಹೆಂಗಸೂ ತನ್ನನ್ನೇ ಕರೆದರು ಅಂತ ತಿರುಗಿ ನೋಡುವಳು. ನಾನೇನು ಕಿವುಡಿಯಾ ಎಂದು ಟೈಪಕ್ಕ ಗೊಣಗುವಳು. ಹಾಗೆ ಗೊಣಗುತ್ತಲೇ ಇದ್ದಾಗ ಒಂದು ವರ್ಷ ಆ ದನಿ ಒಡೆಯಿತು. ನೆಗಡಿ ಅಂದುಕೊಂಡರು. ಬಿಸಿನೀರು ಕುಡಿದ, ಉಪ್ಪುನೀರು ಮುಕ್ಕಳಿಸಿದ, ಯಾರು ಯಾರೋ ಹೇಳಿದ್ದನ್ನೆಲ್ಲ ಮಾಡಿದ. ನೆಗಡಿಯಾಗಿದ್ದರೆ ಹೋಗುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಗಂಟಲೊಳಗೆ ನಳಿಕೆ ಬಿಟ್ಟು ನೋಡಿ, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಲೇಬೇಕು ಎಂದರು.

ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ಬಂದು, ಮನೆಯವರಿಗೆ ಹೇಳುವ ಮಾತೇನಾದರೂ ಇದ್ದರೆ ಹೇಳಿಬಿಡಿ ಎಂದು ಮೆಲ್ಲಗೆ ಹೇಳಿ ಹೋದರು. ಟೈಪಕ್ಕ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಜೀವಮಾನವಿಡೀ ಮಾತು ಮಾರಿ ಬದುಕಿದವನು ಆಗ ಹೇಳಿದ್ದೇನು? ನೀರಿನ ಪಂಪಿನ ಸ್ವಿಚ್ಚು ಸಡಿಲವಾಗಿದೆ, ಒದ್ದೆ ಕೈಯಲ್ಲಿ ಮುಟ್ಟಬೇಡ. ಹಿತ್ತಲ ಬಾಗಿಲಿನ ಚಿಲಕ ಎತ್ತಿ ಎಳೆದರೆ ಮಾತ್ರ ಬೀಳುತ್ತೆ. ಗ್ಯಾಸಿನ ಪುಸ್ತಕ ಬೀರುವಿನ ಮೇಲಿದೆ. ಅವಳು ಹೂಂ, ಹೂಂ ಅಂದಳು. ಬೆಳಿಗ್ಗೆ ಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ಅವನಿಗೆ, ಇಷ್ಟೇನಾ ನಾನು ಹೇಳಿದ್ದು ಅನ್ನಿಸಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಬಾಯಿದ್ದೂ ದನಿಯಿಲ್ಲದವನು ಏನು ಮಾಡಬೇಕು ಅನ್ನುವುದನ್ನು ಗಾದೆ ಕಟ್ಟಿದವರು ಯೋಚಿಸಿದಂತಿಲ್ಲ. ಕಂಚಣ್ಣನ ಕುತ್ತಿಗೆಯ ಬುಡದಲ್ಲೀಗ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ಅದರ ಮೇಲೊಂದು ತೆಳ್ಳನೆಯ ಬಟ್ಟೆ. ಬಾಯಿಗೂ ಉಸಿರಿಗೂ ಸಂಬಂಧವೇ ಕಡಿದುಹೋಗಿತ್ತು. ಬಿಸಿ ಚಹಾ ಊದಿ ಕುಡಿಯೋಣವೆಂದರೆ ತುಟಿ ಮುಂದೆ ಬರುತ್ತದೆ, ಗಾಳಿ ಬರುವುದಿಲ್ಲ. ಟೈಪಕ್ಕನೇ ಎರಡು ಲೋಟಗಳಲ್ಲಿ ಮೇಲೆ ಕೆಳಗೆ ಹೊಯ್ದು ಆರಿಸಿ ಕೊಡಬೇಕು. ಹೇಳುವುದಿದ್ದರೆ ಸ್ಲೇಟು, ಕರೆಯುವುದಿದ್ದರೆ ಚಮಚ. ತಟ್ಟೆಯ ಮೇಲೆ ಚಮಚದಿಂದ ಟಣ್ ಟಣ್ ಎಂದರೆ ಅವಳು ಬರಬೇಕು. ಬರುತ್ತಿದ್ದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಹೆಣ್ಣುಮಗಳಿದ್ದಳು. ಮಾತಿನ ಟೀಚರು ಅಂತಲೇ ಎಲ್ಲರೂ ಕರೆಯುತ್ತಿದ್ದರು. ದನಿಪೆಟ್ಟಿಗೆ ಇಲ್ಲದಿದ್ದರೂ ಮಾತಾಡಬಹುದು, ಗಾಳಿಯನ್ನು ಅನ್ನನಾಳಕ್ಕೆ ನುಂಗಬೇಕು, ತೇಗಿನ ಹಾಗೆ ಮೇಲಕ್ಕೆ ತರಬೇಕು, ಆ ತೇಗಿನಲ್ಲೇ ಅಕ್ಷರ ಕಟ್ಟಬೇಕು ಎಂದು ಅವಳು ಹೇಳಿಕೊಟ್ಟಳು. ನಾಲ್ಕು ಜನರ ಮುಂದೆ ತೇಗಬೇಡಿ ಎಂದು ಹೆಂಡತಿ ಬೈದು ಬೈದು ಬಿಡಿಸಿದ್ದ ಚಟವನ್ನು ಈಗ ದುಡ್ಡು ಕೊಟ್ಟು ಕಲಿಯಬೇಕಾಯಿತಲ್ಲ ಎಂದು ಕಂಚಣ್ಣ ಸ್ಲೇಟಿನ ಮೇಲೆ ಬರೆದ. ಟೀಚರು ನಕ್ಕಳು. ಆದರೆ ಒಂದು ಮಾತನ್ನು ನಗದೆಯೇ ಹೇಳಿದಳು. ಮುಂದಿನ ತಪಾಸಣೆಯೊಳಗೆ ಒಂದು ಸಣ್ಣ ಪದವಾದರೂ ಹೊರಟರೆ ಈ ದಾರಿಯಲ್ಲೇ ಹೋಗೋಣ, ಇಲ್ಲದಿದ್ದರೆ ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರ ತಗೊಳ್ಳೋಣ ಎಂದಳು. ಆ ಯಂತ್ರವನ್ನು ಪಕ್ಕದ ಕುರ್ಚಿಯ ರೋಗಿ ಹಿಡಿದು ಮಾತಾಡಿದ್ದನ್ನು ಕಂಚಣ್ಣ ಕೇಳಿದ್ದ. ಆತ ಪಾಪ ಅದರಲ್ಲೇ ಹೆಂಡತಿಯ ಜೊತೆ ಜಗಳವಾಡುವಷ್ಟು ಪಳಗಿದ್ದ. ಕಂಚಣ್ಣನಿಗೆ ಮಾತ್ರ ಅದು ಕರೆಗಂಟೆಗೆ ಬಾಯಿ ಬಂದ ಹಾಗೆ ಕೇಳಿಸಿತು. ತೇಗಾದರೂ ಸರಿ, ಅದು ನನ್ನ ಹೊಟ್ಟೆಯಿಂದಲೇ ಬರಲಿ ಎಂದು ಹಟ ಹಿಡಿದ.

ಆಸ್ಪತ್ರೆ ದೂರ, ದಿನಾ ಹೋಗುವಂತಿಲ್ಲ. ಅದಕ್ಕೆಂದೇ ಟೀಚರು ಪಾಠಗಳನ್ನು ವಿಡಿಯೋ ಮಾಡಿ ಆಸ್ಪತ್ರೆಯ ಇಂಟರ್‌ನೆಟ್ ಪುಟದಲ್ಲಿ ಇಟ್ಟಿದ್ದಳು. ಅದರಲ್ಲಿ ಬೇರೆ ರೋಗಿಗಳೂ ಕುತ್ತಿಗೆಯ ಬಟ್ಟೆ ಸರಿಸಿ ಕೂತು ಅಭ್ಯಾಸ ಮಾಡುವುದಿತ್ತು. ಬೀದಿಯಲ್ಲಿ ಹೋಗುವವರೆಲ್ಲ ನೋಡುವಂಥದ್ದಲ್ಲ ಎಂದು ಪಾಸ್‌ವರ್ಡಿನ ಬೀಗ ಹಾಕಿದ್ದರು. ಹೆಸರು ಕೇಳಿದಲ್ಲಿ ‘ಗಂಟಲು’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಪಾಸ್‌ವರ್ಡು ‘ಕಿಟಕಿ’, ಅದರ ಮುಂದೆ ನಾಲ್ಕರ ಅಂಕಿ. ಗಂಟಲಿನ ರೋಗಿಗಳಿಗೆ ಆಸ್ಪತ್ರೆಯಲ್ಲಿ ಫೈಲು ಕೊಡುವುದು ನಾಲ್ಕನೇ ಕಿಟಕಿಯಲ್ಲಿ, ಯಾರೂ ಮರೆಯದಿರಲಿ ಅಂತ ಹಾಗೆ ಇಟ್ಟಿದ್ದರಂತೆ.

ಮಗಳು ತನ್ನ ಹಳೇ ಕಂಪ್ಯೂಟರನ್ನು ತಂದು ಊಟದ ಮೇಜಿನ ಮೇಲೆ ಜೋಡಿಸಿಕೊಟ್ಟಳು. ಕಂಚಣ್ಣ ಒಂದು ಬೆರಳಲ್ಲಿ ಅಕ್ಷರ ಹುಡುಕುವವನು, ಅವನ ಕೈಗೆ ಕೊಟ್ಟರೆ ಆಯಿತು ಕತೆ. ಟೈಪಕ್ಕ ಕುರ್ಚಿ ಸರಿಮಾಡಿಕೊಂಡು, ಮಣಿಕಟ್ಟು ಎತ್ತಿ, ಬೆರಳು ಬಾಗಿಸಿ ಕೂತಳು. ಎಷ್ಟೋ ವರ್ಷದ ಮೇಲೆ ಅವಳ ಬೆನ್ನು ಹಾಗೆ ನೆಟ್ಟಗಾದದ್ದನ್ನು ಕಂಡು ಕಂಚಣ್ಣನಿಗೆ ಗೋದಾಮಿನ ವಾರ್ನಿಷಿನ ವಾಸನೆಯೇ ಬಂದಂತಾಯಿತು. ಅವಳು ‘ಗಂಟಲು’ ಎಂದು ಓದಿಕೊಳ್ಳುತ್ತ ಬಡಿದಳು, ‘ಕಿಟಕಿ ನಾಲ್ಕು’ ಎಂದು ಓದಿಕೊಳ್ಳುತ್ತ ಬಡಿದಳು. ತಪ್ಪು ಎಂದಿತು ಕಂಪ್ಯೂಟರು. ಇನ್ನೊಂದು ಸಲ ಬಡಿದಳು. ತಪ್ಪು.

ತಪ್ಪು ಕಂಡುಹಿಡಿದದ್ದು ಮಗಳು. ಹರಾಜಿನ ಚೀಟಿಯಲ್ಲಿ ಸಾಮಾನಿನ ಹೆಸರಿಗೂ ನಂಬರಿಗೂ ನಡುವೆ ಒಂದು ಜಾಗ ಬಿಡುವುದು ಕಡ್ಡಾಯ. ಟೈಪಕ್ಕನ ಹೆಬ್ಬೆರಳು ಅವಳನ್ನು ಕೇಳದೆಯೇ ಆ ಜಾಗ ಬಿಡುತ್ತಿತ್ತು. “ಅಮ್ಮ, ಮಧ್ಯದಲ್ಲಿ ಜಾಗ ಬಿಡ್ಬೇಡ, ಅಂಟಿಸಿ ಹೊಡಿ” ಎಂದು ಮಗಳು ತೋರಿಸಿಕೊಟ್ಟು ಹೋದಳು. ಮಗಳಿಗೆ ಅದು ಒಂದು ಗಳಿಗೆಯ ಮಾತು. ಟೈಪಕ್ಕನಿಗೆ ಮಾತ್ರ ಮುಖ ಚಿಕ್ಕದಾಯಿತು. ರಬ್ಬರು ಮುಟ್ಟದ ಕೈ ಅದು.

ಅವತ್ತು ಮಾಡಿದ ಆ ಒಂದು ತಪ್ಪೇ ಮುಂದಿನದಕ್ಕೆಲ್ಲ ಮೂಲವಾಯಿತು. ಯಾಕೆಂದರೆ ಅಂಟಿಸಿ ಹೊಡೆದ ಮೇಲೆ ಪುಟವೇನೋ ತೆರೆಯಿತು, ಪಾಠಗಳ ಪಟ್ಟಿಯೂ ಬಂತು. ಮೊದಲನೇ ಪಾಠ ಒತ್ತಿದರೆ ಒಂದು ಕಪ್ಪು ಚೌಕ ತೆರೆದುಕೊಂಡು ಮತ್ತೆ ಹೆಸರು ಕೇಳಿತು, ಪಾಸ್‌ವರ್ಡು ಕೇಳಿತು. ಕೊಟ್ಟದ್ದಾಯಿತು. ಟೀಚರು ಬಂದಳು, ಗಾಳಿ ನುಂಗಿ ‘ಪಾ’ ಅನ್ನಿ ಎಂದಳು. ಹೊಸಬರಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆಯೇ? ಇನ್ನೊಮ್ಮೆ ನೋಡೋಣವೆಂದು ವಿಡಿಯೋವನ್ನು ಹಿಂದಕ್ಕೆ ಎಳೆದರೆ ಮತ್ತೆ ಆ ಪೆಟ್ಟಿಗೆ. ಹೆಸರೇನು, ಪಾಸ್‌ವರ್ಡೇನು? ಎಳೆದಾಗೆಲ್ಲ ಅದೇ ಪ್ರಶ್ನೆ. ಅದು ಬಂದು ಕೂರುವುದಾದರೂ ಎಲ್ಲಿ, ಸರಿಯಾಗಿ ಟೀಚರ ಬಾಯಿಯ ಮೇಲೆ. ಕಂಚಣ್ಣ ನೋಡಬೇಕಾದದ್ದು ಆ ತುಟಿಗಳನ್ನು, ಅವೇ ಕಾಣಿಸವು. ಈಗ ತಾನೇ ಪರಿಚಯ ಹೇಳಿಕೊಂಡವರನ್ನು ಮರುಗಳಿಗೆಗೆ ನೀವ್ಯಾರು ಎನ್ನುವ ಇಂಥ ಮರೆಗುಳಿಯನ್ನು ಕಂಚಣ್ಣ ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ.

ಅವನು ಸಿಟ್ಟಾದದ್ದು ಪೆಟ್ಟಿಗೆಯ ಮೇಲೆ. ಟೈಪಕ್ಕ ಸಿಟ್ಟಾದದ್ದು ತನ್ನ ಬೆರಳುಗಳ ಮೇಲೆ. ಎಲ್ಲೋ ಜಾಗ ಬಿಟ್ಟಿದ್ದೇನೆ, ಅದಕ್ಕೇ ಕೇಳುತ್ತಿದೆ ಎಂದು ಅವಳ ತೀರ್ಮಾನ. ಈ ಸಲ ಸರಿ ಹೊಡೆದೆ, ಅದಕ್ಕೇ ಬಿಟ್ಟಿತು, ಮತ್ತೆ ಎಲ್ಲೋ ತಪ್ಪಿದೆ, ಅದಕ್ಕೇ ಕೇಳಿತು. ಹೀಗೇ ಲೆಕ್ಕ ಹಾಕಿಕೊಂಡಳು. ಮಗಳು ಬಂದಾಗ, ಇದನ್ನು ನೆನಪಿಟ್ಟುಕೋ ಅನ್ನುವ ಗುರುತು ಒತ್ತಿ ಹೋದಳು. ಅದರಿಂದ ಮೊದಲ ಪುಟವೊಂದು ಸುಮ್ಮನಾಯಿತು, ವಿಡಿಯೋದ ಪೆಟ್ಟಿಗೆ ಕೇಳುವುದು ಕೇಳುತ್ತಲೇ ಇತ್ತು. ಆಸ್ಪತ್ರೆಗೆ ಫೋನ್ ಮಾಡು ಎಂದು ಕಂಚಣ್ಣ ಬರೆದು ತೋರಿಸಿದ. ಟೈಪಿಸ್ಟಾಗಿದ್ದವಳಿಗೆ ನಾಲ್ಕಕ್ಷರ ನೆಟ್ಟಗೆ ಹೊಡೆಯಲು ಬರುವುದಿಲ್ಲ ಅಂತ ನಾನೇ ಫೋನ್ ಮಾಡಿ ಹೇಳಲಾ ಎಂದು ಅವಳು ಎದ್ದು ಹೋದಳು.

ಒಂದು ಮಧ್ಯಾಹ್ನ ಅವಳು ಬಾಗಿಲ ಬಳಿ ಬಿಸಿಲಿಗೆ ಕೂತು ಮೊಣಕಾಲ ಮೇಲೆ ಬೆರಳಾಡಿಸುತ್ತಿದ್ದದ್ದನ್ನು ಕಂಚಣ್ಣ ಕಂಡ. ಅದೇ ಅಕ್ಷರಗಳು, ಅದೇ ಸಾಲು, ಕಲಿಯುವ ಹುಡುಗಿಯ ಹಾಗೆ. ಆಗಲೇ ಅವನಿಗೆ ಹೊಳೆದದ್ದು, ಇವಳಿಗೆ ಭಯವಾಗಿದೆ ಅಂತ. ಗಂಡನ ಗಂಟಲು ಹೋದ ಹಾಗೆ ತನ್ನ ಬೆರಳೂ ಹೋಗುತ್ತಿದೆ ಅಂದುಕೊಂಡಿದ್ದಾಳೆ. ನಿನ್ನ ತಪ್ಪಲ್ಲ ಎಂದು ಸ್ಲೇಟಿನಲ್ಲಿ ಬರೆದು ಹಿಡಿದ. ಅವಳು ಓದಿ, ನಿಮಗೇನು ಗೊತ್ತು ಸುಮ್ಮನಿರಿ ಎಂದಳು. ಬರೆದ ಮಾತಿಗೆ ಒತ್ತಿ ಹೇಳುವ ಶಕ್ತಿ ಇಲ್ಲ. ಕಂಠ ಇದ್ದಿದ್ದರೆ ಇದನ್ನೇ ಗದರಿ ಹೇಳಿ ನಂಬಿಸುತ್ತಿದ್ದೆ ಎಂದು ಅವನಿಗೆ ತುಂಬಾ ದುಃಖವಾಯಿತು.

ಹೀಗೆ ವಾರಗಳು ಉರುಳಿದವು. ದಿನಾ ಊಟದ ಮೇಜಿನ ಮುಂದೆ ಎರಡು ಕುರ್ಚಿ. ಅವನು ಹಿಂದಕ್ಕೆ ಎಳೆಯುವನು, ಪೆಟ್ಟಿಗೆ ಬರುವುದು, ಅವಳು ಗಂಟಲು, ಕಿಟಕಿ ನಾಲ್ಕು ಎಂದು ಓದಿಕೊಳ್ಳುತ್ತ ಬಡಿಯುವಳು. ಅವಳು ಬಡಿಯುವಷ್ಟು ಹೊತ್ತು ಅವನು ಬಾಯಿ ತೆರೆದುಕೊಂಡು ಕಾಯಬೇಕು. ಕಾಯುವ ಬಾಯಿ ಸುಮ್ಮನಿರಬೇಕಲ್ಲ, ಅವಳ ಮಾತಿನ ಜೊತೆಗೇ ತುಟಿಯೂ ನಾಲಿಗೆಯೂ ಸದ್ದಿಲ್ಲದೆ ಆಡುತ್ತಿದ್ದವು. ಅವನಿಗದರ ಪರಿವೆ ಇರಲಿಲ್ಲ. ಪಾಠದ ‘ಪಾ’ ‘ತಾ’ ‘ಕಾ’ಗಳ ಮೇಲೇ ಅವನ ಪ್ರಾಣವೆಲ್ಲ ಇತ್ತು, ಅವು ಮಾತ್ರ ಬರಲಿಲ್ಲ. ಗಾಳಿ ನುಂಗಿದರೆ ಹೊಟ್ಟೆಗೆ ಇಳಿದು ಅಲ್ಲೇ ಗುಡುಗುಟ್ಟುತ್ತಿತ್ತು. ತಪಾಸಣೆಯ ದಿನ ಹತ್ತಿರ ಬಂತು. ಒಂದು ಸಂಜೆ ಅವನು ಸ್ಲೇಟು ಎಳೆದುಕೊಂಡು ಬರೆದ: ಸಾಕು. ಯಂತ್ರವೇ ತಗೊಳ್ಳೋಣ. ನಿನ್ನ ಬೆರಳಿಗೂ ಬಿಡುವು ಸಿಗುತ್ತೆ.

ಟೈಪಕ್ಕ ಅದನ್ನು ಓದಿ ಅಂಗೈಯಿಂದ ಒರೆಸಿಹಾಕಿದಳು.

“ಬೆರಳು ನೋಯ್ತಿದೆ ಅಂತ ನಾನು ಹೇಳಿದ್ನಾ?” ಎಂದಳು. “ಈ ಮನೇಲಿ ನನ್ನ ಕರೆಯೋರೇ ಇಲ್ಲ ರೀ. ಚಮಚ ಕರೆಯುತ್ತೆ. ಚಮಚಕ್ಕೆ ಓಗೊಟ್ಟು ಓಗೊಟ್ಟು ನಂಗೆ ಸಾಕಾಗಿಹೋಗಿದೆ. ಯಂತ್ರನೋ, ತೇಗೋ, ನಿಮ್ಮಿಷ್ಟ. ಬಿಡ್ತೀನಿ ಅಂತ ಮಾತ್ರ ಬರೀಬೇಡಿ.”

ಇಷ್ಟು ಹೇಳಿ ಅವಳು ಒಳಗೆ ಹೋದಳು. ಕಂಚಣ್ಣ ಒರೆಸಿದ ಸ್ಲೇಟನ್ನೇ ನೋಡುತ್ತ ಕೂತ. ಗೋದಾಮಿನ ತುಂಬ ಜನರನ್ನು ನಗಿಸಿದವನ ಮನೆ ಇಷ್ಟು ಮೂಕವಾಗಿ ಹೋಗಿತ್ತು, ಅದು ಅವಳಿಗೆ ಇಷ್ಟು ನೋವು ಕೊಡುತ್ತಿತ್ತು, ಅವನು ತನ್ನ ಗಂಟಲಿನ ಗೋಳಿನಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಮಾರನೇ ದಿನ ಊಟವಾದ ಮೇಲೆ ಟೈಪಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ಸುರಿಯುತ್ತಿತ್ತು. ಕಂಚಣ್ಣ ಒಬ್ಬನೇ ಮೇಜಿನ ಮುಂದೆ ಕೂತು ಪಾಠ ನೋಡುತ್ತಿದ್ದ. ನುಂಗಿದ ಗಾಳಿಯನ್ನು ಹೊಟ್ಟೆಗೆ ಇಳಿಯದಂತೆ ತಡೆಯುವ ಜಾಗ ಎಲ್ಲಿದೆ ಎಂದು ಅವತ್ತು ಏನೋ ಸ್ವಲ್ಪ ತಿಳಿದಂತಾಯಿತು. ಟೀಚರು ಅದನ್ನು ಹೇಗೆ ಮಾಡಿದಳೆಂದು ನೋಡಲು ಸಟ್ಟನೆ ಹಿಂದಕ್ಕೆ ಎಳೆದ. ಬಂತು ಪೆಟ್ಟಿಗೆ, ಅವಳ ಬಾಯಿ ಮುಚ್ಚಿಕೊಂಡು. ಚಮಚ ಬಾರಿಸಿದ. ನಲ್ಲಿಯ ಸದ್ದಿನಲ್ಲಿ ಅದು ಕೇಳಲಿಲ್ಲ. ಜೋರಾಗಿ ಬಾರಿಸಿದ. ಚಮಚ ಕೈ ಜಾರಿ ಹಾರಿ ಬೀರುವಿನ ಅಡಿಗೆ ಹೋಗಿ ಬಿತ್ತು. ಮೊದಲೇ ಮೂಗಿನ ತುದಿಯಲ್ಲಿ ಕೋಪದವನು. ದನಿ ಇಲ್ಲ ಅನ್ನುವುದನ್ನೇ ಆ ಕ್ಷಣ ಮರೆತು, ಹಳೇ ಕಾಲದ ಹಾಗೆ ಬಾಯಗಲಿಸಿ ಗಾಳಿ ಎಳೆದು ಹಿತ್ತಲ ಕಡೆ ಕೂಗಿದ. ಆ ಗಾಳಿ ಎಲ್ಲಿಗೆ ಇಳಿಯಬೇಕೋ ಅಲ್ಲಿಗೇ ಇಳಿದು, ಎಲ್ಲಿ ತಡೆಯಬೇಕೋ ಅಲ್ಲೇ ತಡೆದು, ಮೇಲೆ ಬಂತು. ಬಾಯಲ್ಲಿ ಆಗ ಸಿದ್ಧವಾಗಿದ್ದದ್ದು ಪಾಠದ ಅಕ್ಷರವಲ್ಲ, ಹೆಂಡತಿಯ ಹೆಸರೂ ಅಲ್ಲ. ಇಷ್ಟು ವಾರ ನಾಲಿಗೆಗೆ ಅಭ್ಯಾಸವಾಗಿದ್ದದ್ದು ಒಂದೇ.

“ಕಿಟಕಿ.”

ಭಾರದ ಬೀರುವನ್ನು ನೆಲದ ಮೇಲೆ ಎಳೆದಂಥ ಸದ್ದು. ಅದರೊಳಗೆ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು. ನಲ್ಲಿ ನಿಂತಿತು. ಟೈಪಕ್ಕ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು. ಕಂಚಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಗಾಳಿ ನುಂಗಿ ಇನ್ನೊಮ್ಮೆ ಯತ್ನಿಸಿದ. “ಕಿಟ... ಕಿ.”

ಬೇರೆ ಹೆಂಗಸಾಗಿದ್ದರೆ ಓಡಿ ಬಂದು ತಬ್ಬಿಕೊಳ್ಳುತ್ತಿದ್ದಳೋ ಏನೋ. ಟೈಪಕ್ಕ ಅವನು ಕೂಗಿದಾಗ ಯಾವಾಗಲೂ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕುರ್ಚಿ ಎಳೆದುಕೊಂಡು ಕೂತು, ನೀರು ತೊಟ್ಟಿಕ್ಕುವ ಬೆರಳುಗಳಿಂದ ಅವನು ಹೇಳಿದ್ದನ್ನು ಬಡಿದಳು. ಬಡಿದು, ತಲೆ ಎತ್ತದೆ, “ನಂಬರು?” ಎಂದಳು.

ಅವನು ನುಂಗಿದ, ಕಾದ, ಒತ್ತಿದ. “ನಾ... ಕು.”

ನಡುವೆ ಜಾಗ ಬಿಡದೆ ನಾಲ್ಕು ಹೊಡೆದಳು. ಪೆಟ್ಟಿಗೆ ಹೋಯಿತು, ಟೀಚರ ಬಾಯಿ ಕಾಣಿಸಿತು, ‘ಪಾ’ ಅನ್ನಿ ಎಂದು ಅವಳು ಪರದೆಯ ಮೇಲೆ ಹೇಳುತ್ತಲೇ ಇದ್ದಳು. ಇಬ್ಬರೂ ಅವಳನ್ನು ನೋಡಲಿಲ್ಲ. ಟೈಪಕ್ಕ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಂಚಣ್ಣನೂ ಅತ್ತ, ಅವನ ಅಳುವಿಗೆ ಸದ್ದಿರಲಿಲ್ಲ ಅಷ್ಟೇ. ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

ತಪಾಸಣೆಯ ದಿನ ಟೀಚರು ಒಂದು ಪದ ಹೇಳಿ ನೋಡೋಣ ಎಂದಾಗ ಕಂಚಣ್ಣ ‘ಕಿಟಕಿ ನಾಕು’ ಎಂದ. ನಾನು ಕಲಿಸಿದ್ದು ಇದಲ್ಲವಲ್ಲ ಎಂದು ಅವಳು ಬೆರಗಾದಳು. ಟೈಪಕ್ಕ ಎಲ್ಲವನ್ನೂ ಹೇಳಿದಳು, ತನ್ನ ಬೆರಳಿನ ತಪ್ಪೆಂದೇ ಹೇಳಿದಳು. ಟೀಚರು ನಕ್ಕು, ಆಮೇಲೆ ಹುಬ್ಬು ಗಂಟಿಕ್ಕಿ, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ತಾನೇ ಒಂದು ಸಲ ಹಿಂದೆ ಮುಂದೆ ಎಳೆದು ನೋಡಿ ತಲೆ ಕೆರೆದುಕೊಂಡ. ಪುಟ ತೋರಿಸುವುದು ಒಂದು ಪ್ರೋಗ್ರಾಮು, ವಿಡಿಯೋ ಓಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೊಟ್ಟ ಪಾಸ್‌ವರ್ಡನ್ನು ಅದು ಎರಡನೆಯದಕ್ಕೆ ಹೇಳುವುದಿಲ್ಲ. ಎಳೆದಾಗೆಲ್ಲ ಎರಡನೆಯದು ಹೊಸಬನ ಹಾಗೆ ಬಾಗಿಲು ತಟ್ಟುತ್ತದೆ, ಬಾಗಿಲಲ್ಲಿ ಮತ್ತೆ ಯಾರು ಅಂತ ಕೇಳುತ್ತಾರೆ. ನಿಮ್ಮ ತಪ್ಪಲ್ಲಮ್ಮ, ನಾವೇ ಸರಿಯಾಗಿ ಜೋಡಿಸಿಲ್ಲ ಎಂದ. ಇಷ್ಟು ದಿನ ಯಾರೂ ದೂರು ಕೊಟ್ಟಿರಲಿಲ್ಲವಂತೆ. ಕೊಡುವುದು ಹೇಗೆ? ದೂರಿಗೆ ಇದ್ದದ್ದು ಒಂದು ಫೋನ್ ನಂಬರು, ಆ ವಿಡಿಯೋ ನೋಡುವವರ ಪೈಕಿ ಫೋನಿನಲ್ಲಿ ಮಾತಾಡಬಲ್ಲವರು ಒಬ್ಬರೂ ಇರಲಿಲ್ಲ.

ನಿಜವಾಗಿಯೂ ನನ್ನ ಬೆರಳಲ್ಲ ಅಲ್ವಾ ಎಂದು ಟೈಪಕ್ಕ ಅವನನ್ನು ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಪಟಪಟ ಮಾತಾಡಿದಳು. ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಕಂಚಣ್ಣನಿಗೂ ಹೊಟ್ಟೆ ತಣ್ಣಗಾಯಿತು.

ಕಂಪ್ಯೂಟರಿನವನು ಎರಡನ್ನೂ ಜೋಡಿಸಿಕೊಟ್ಟ ಮೇಲೆ ಎಲ್ಲವೂ ಸಲೀಸು. ಬೆಳಿಗ್ಗೆ ಮೊದಲ ವಿಡಿಯೋ ತೆರೆಯುವಾಗ ಒಂದು ಸಲ ಕೇಳಿದರೆ ಮುಗಿಯಿತು, ಎಷ್ಟು ಹಿಂದೆ ಎಳೆದರೂ ವಿಡಿಯೋ ಗೊಣಗದೆ ಓಡುತ್ತದೆ. ಆ ಒಂದು ಸಲವನ್ನು ಟೈಪಕ್ಕ ನಿಂತುಕೊಂಡೇ ಹೊಡೆದು ತನ್ನ ಕೆಲಸಕ್ಕೆ ಹೋಗುವಳು. ಇಷ್ಟು ವಾರ ಬಾಕಿ ಬಿದ್ದ ಕೆಲಸ ಕಡಿಮೆಯೇ? ಕಪಾಟು ಒರೆಸಿದಳು, ಹಿತ್ತಲ ಗಿಡಗಳ ಬುಡ ಕೆದಕಿದಳು, ಪಕ್ಕದ ಮನೆಯವಳ ಜೊತೆ ಬೇಲಿಗೆ ಒರಗಿ ಮಾತಾಡಿದಳು. ಕಂಚಣ್ಣನ ಪಾಠ ಕುದುರೆಯಂತೆ ಓಡಿತು. ‘ಅಪ್ಪ’ ಬಂತು, ‘ತಟ್ಟೆ’ ಬಂತು, ‘ಬಾಗಿಲು’ ಬಂತು. ಮಗಳು ಬಂದು ಕೇಳಿ ಚಪ್ಪಾಳೆ ತಟ್ಟಿ ಹೋ ಎಂದಳು.

ಕಂಚಣ್ಣನಿಗೆ ಮಾತ್ರ ಒಳಗೆ ಏನೋ ಕಳೆದುಕೊಂಡ ಹಾಗೆ. ಪಕ್ಕದ ಕುರ್ಚಿ ಖಾಲಿ. ಪರದೆಯ ಮೇಲೆ ಟೀಚರು ತಡೆಯಿಲ್ಲದೆ ಬಾಯಿ ಆಡಿಸುತ್ತಾಳೆ, ಅವನು ತಡೆಯಿಲ್ಲದೆ ಕಲಿಯುತ್ತಾನೆ. ಗಂಟಲು, ಕಿಟಕಿ ನಾಲ್ಕು ಎನ್ನುವ ಆ ಸಣ್ಣ ದನಿ ಕಿವಿಯ ಪಕ್ಕದಲ್ಲಿ ಇಲ್ಲ. ಹಾಳು ಪೆಟ್ಟಿಗೆ ಎಂದು ಅಷ್ಟು ಶಾಪ ಹಾಕಿದ್ದನಲ್ಲ, ಆ ದಿನಗಳೇ ಅವನಿಗೆ ನೆನಪಾಗುತ್ತಿದ್ದವು. ಇವಳು ಪಕ್ಕದಲ್ಲಿ ಕೂರುವುದಕ್ಕೆ ಬದುಕಿನಲ್ಲಿ ಯಾವಾಗಲೂ ಒಂದು ಕೆಲಸ ಬೇಕಾಗಿತ್ತು, ಚೀಟಿಯೋ, ಪಾಸ್‌ವರ್ಡೋ. ಕೆಲಸವಿಲ್ಲದೆ ಬಂದು ಕೂರು ಎಂದು ತಾನು ಒಂದು ದಿನವೂ ಕರೆದಿಲ್ಲ ಎಂಬುದು ಅವನಿಗೆ ಆ ಖಾಲಿ ಕುರ್ಚಿ ನೋಡಿಯೇ ತಿಳಿದದ್ದು.

ಒಂದು ಮಧ್ಯಾಹ್ನ ಪಾಠ ನಿಲ್ಲಿಸಿದ. ಗಾಳಿ ನುಂಗಿದ.

“ಲೇ.”

ಅಡುಗೆಮನೆಯಿಂದ ಟೈಪಕ್ಕ ಇಣುಕಿದಳು. “ಏನ್ರೀ, ನಿಂತೋಯ್ತಾ?”

ಅವನು ಇಲ್ಲವೆಂದು ತಲೆಯಾಡಿಸಿ ಪಕ್ಕದ ಕುರ್ಚಿ ತೋರಿಸಿದ. “ಬಾ. ಕೂತ್ಕೋ.”

“ಅದೀಗ ಏನೂ ಕೇಳಲ್ವಲ್ಲ, ನಾನ್ಯಾಕೆ ಕೂತ್ಕೊಳ್ಲಿ? ಒಲೆ ಮೇಲೆ ಹಾಲಿದೆ.”

ಕಂಚಣ್ಣ ಮತ್ತೆ ಗಾಳಿ ನುಂಗಿದ. ಅಷ್ಟು ಉದ್ದದ ಮಾತು ಅವನು ಇನ್ನೂ ಆಡಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಇನ್ನೊಂದು ಗುಟುಕು ಗಾಳಿ ತಗೊಂಡು ಮುಗಿಸಬೇಕಾಯಿತು.

“ಅದು ಕೇಳಲ್ಲ. ನಾ... ಕೇಳ್ತಿದೀನಿ.”

ಟೈಪಕ್ಕ ಒಳಗೆ ಹೋಗಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.